ಬೂದಿ ಮುಚ್ಚಿದ ಬೂದಿ

ಉತ್ತರಕ್ಕೆ ಮುಖ ಮಾಡಿ ಹಡಗು ಹತ್ತಿ, ಹಡಗಿಳಿದು ಮತ್ತೆ ಉತ್ತರಕ್ಕೇ ನಡೆದರೆ, ನಡುಮಧ್ಯಾಹ್ನದಲ್ಲೂ ಮನುಷ್ಯನ ನೆರಳು ಮನುಷ್ಯನಿಗಿಂತ ಉದ್ದ ಬೀಳುವ ಊರೊಂದು ಸಿಗುತ್ತದೆ. ಆ ಊರಿನಲ್ಲಿ ಚಿನ್ನಕ್ಕೆ ಬೆಲೆಯಿಲ್ಲ, ಬೆಳ್ಳಿಗೆ ಬೆಲೆಯಿಲ್ಲ. ಅಲ್ಲಿ ಕೂಲಿಯೆಂದರೆ ಕೆಂಡ. ಹಗಲೆಲ್ಲ ದುಡಿದವನಿಗೆ ಸಂಜೆ ಒಡೆಯನಾದವನು ತನ್ನ ಒಲೆಯಿಂದ ನಿಗಿನಿಗಿ ಕೆಂಡ ತೋಡಿ ಗಡಿಗೆಗೆ ಹಾಕಿಕೊಡಬೇಕು. ದುಡಿದವನು ಅದನ್ನು ಮನೆಗೊಯ್ದು, ಒಲೆಗೆ ಸುರಿದು, ಹೆಂಡತಿಯೊಡನೆ ಬೆಚ್ಚಗಿರಬೇಕು. ಹಿಮ ಬಾಗಿಲ ತನಕ ಬಂದು ಕೂರುವ ಊರಿನಲ್ಲಿ ಇನ್ನೇನು ತಾನೇ ಕೂಲಿ ಕೊಡಲಾದೀತು, ನೀವೇ ಹೇಳಿ.

ಆ ಊರಿನ ಬೆಂಕಿಗೊಂದು ಹಟವಿತ್ತು. ದುಡಿದ ಬೆಂಕಿ ಉರಿಯುತ್ತಿತ್ತು, ಭಿಕ್ಷೆಯ ಬೆಂಕಿ ಉರಿಯುತ್ತಿರಲಿಲ್ಲ. ಅಯ್ಯೋ ಪಾಪ ಅಂತ ಯಾರಾದರೂ ಯಾರ ಮನೆಗಾದರೂ ಕೆಂಡ ಒಯ್ದರೆ, ಹೊಸ್ತಿಲು ದಾಟುವಾಗಲೇ ಅದು ಆರಿ ಇದ್ದಿಲಾಗುತ್ತಿತ್ತು. ಯಾಕೆ ಅಂತ ನನ್ನನ್ನು ಕೇಳಬೇಡಿ. ಬೆಂಕಿಗೂ ಅದರದೇ ಮರ್ಯಾದೆ ಇರುತ್ತದೆ.

ಹಾಗಾದರೆ ದುಡಿಯಲಾಗದವನ ಗತಿ? ಅದಕ್ಕೇ ಊರೊಲೆ ಇದ್ದದ್ದು. ಗುಡ್ಡದ ಮೇಲೆ ಒಂದು ಕಲ್ಲಿನ ಮನೆ, ಅದರ ಮುಂಗೋಡೆಯಲ್ಲಿ ಬಾಗಿಲಿಲ್ಲ, ಒಂದು ಕಿಂಡಿ ಮಾತ್ರ. ಯಾರಾದರೂ ಯಾರನ್ನಾದರೂ ಕೆಲಸಕ್ಕಿಟ್ಟುಕೊಂಡರೆ ಸಂಜೆ ಕೂಲಿ ಕೊಡುವ ಮುಂಚೆ ಅವನ ಗಡಿಗೆಯಿಂದ ಒಂದು ಸೌಟು ತೆಗೆಯಬೇಕು, ತನ್ನ ಒಲೆಯಿಂದ ಒಂದು ಸೌಟು ಸೇರಿಸಬೇಕು, ಗಾಳಿ ತಿನ್ನದಂತೆ ಮೇಲೆ ಬೂದಿ ಮುಚ್ಚಬೇಕು. ಬೇರೆಯವರ ಕೈಲಿ ಕಳಿಸಕೂಡದು, ತಾನೇ ಹೊತ್ತು ಗುಡ್ಡ ಹತ್ತಬೇಕು. ಕಿಂಡಿಯ ಮುಂದೆ ನಿಂತು, ಮುಖ ಅತ್ತ ತಿರುಗಿಸಿ, "ಅವನ ದುಡಿಮೆಯಿಂದ ಒಂದು, ನನ್ನ ಒಲೆಯಿಂದ ಒಂದು" ಎಂದು ಹೇಳಿ, ದುಡಿದವನ ಹೆಸರು ಕೂಗಿ, ಸುರಿದು ಬರಬೇಕು. ಊರೊಲೆಯ ಬೆಂಕಿ ಯಾರ ಭಿಕ್ಷೆಯೂ ಅಲ್ಲವಾದ್ದರಿಂದ ಯಾರ ಹೊಸ್ತಿಲಲ್ಲೂ ಆರುತ್ತಿರಲಿಲ್ಲ. ಕೈಸೋತವರ ಮನೆಗೆ, ಮುಪ್ಪಾದವರ ಮನೆಗೆ, ಹೆತ್ತ ಬಾಣಂತಿಯ ಮನೆಗೆ, ಒಲೆ ಆರಿದ ಮನೆಗೆ ಅದು ಹೋಗುತ್ತಿತ್ತು. ಮುಖ ಕಾಣದಂತೆ ಮುಸುಕು ಹೊದ್ದ ಹೊರೆಯವರು ಹೊತ್ತು ತಂದು ಕೊಡುತ್ತಿದ್ದರು. ಯಾರಿಗೂ ಯಾರ ಮುಂದೆಯೂ ಹಲ್ಲು ಗಿಂಜುವ ಪ್ರಮೇಯ ಬರಬಾರದು ಅಂತ ಆ ಮುಸುಕು.

ಕಂಬಳಿಯವಳು ಹುಟ್ಟಿದ್ದು ಆ ಊರಿನಲ್ಲಲ್ಲ. ಬಿಸಿಲ ಸೀಮೆಯವಳು. ಹಡಗು ಹತ್ತುವಾಗ ಒಂದು ಮಗ್ಗ, ಒಂದು ರಾಟೆ, ಒಂದು ಗಂಟು ಅನುಮಾನ ಹೊತ್ತುಕೊಂಡೇ ಹತ್ತಿದ್ದಳು. ಸುಮ್ಮಸುಮ್ಮನೆ ಬಂದ ಅನುಮಾನವೇನಲ್ಲ ಅದು. ತನ್ನ ಸೀಮೆಯಲ್ಲಿ ಒಬ್ಬ ಸಾಹುಕಾರನ ಮಗ್ಗದಲ್ಲಿ ನೇಯುತ್ತಿದ್ದಾಗ ಆತ ಪ್ರತಿ ಸಲವೂ ಕೂಲಿಯಲ್ಲಿ ಒಂದಿಷ್ಟು ಹಿಡಿದುಕೊಂಡು, "ನಿನ್ನ ಹೆಸರಲ್ಲೇ ಎತ್ತಿಟ್ಟಿರ್ತೀನಿ ಕಣಮ್ಮಾ, ಕಷ್ಟಕಾಲಕ್ಕಾಗುತ್ತೆ" ಅನ್ನುತ್ತಿದ್ದ. ಕಷ್ಟಕಾಲ ಬಂತು. "ಯಾವ ಹೆಸರು? ಏನು ಎತ್ತಿಟ್ಟಿದ್ದು?" ಅಂದ. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಇವಳು ತಣ್ಣೀರನ್ನೂ ಊದಿ ಕುಡಿಯುವವಳಾದಳು.

ಹೊಸ ಊರಿನಲ್ಲಿ ಕಂಬಳಿ ಅವಳ ಕೈ ಹಿಡಿಯಿತು. ಕೊಂಡವರು ಕೆಂಡ ತಂದು ಸುರಿದರು, ಒಲೆ ತುಂಬಿತು. ಒಬ್ಬಳ ಕೈಯಲ್ಲಿ ಕೆಲಸ ಸಾಗದಾದಾಗ ಹೊಳೆಯಲ್ಲಿ ಉಣ್ಣೆ ತೊಳೆಯಲು ಒಬ್ಬನನ್ನು ಇಟ್ಟುಕೊಂಡಳು. ಮಾತು ಕಡಿಮೆಯ ಮನುಷ್ಯ, ಕೈ ದೊಡ್ಡದು, ಹೆಂಡತಿಯ ಮಾತು ಬಿಟ್ಟು ಬೇರೆ ಯಾವುದಕ್ಕೂ ಹೆದರದವನು. ಮೊದಲ ದಿನ ಬೆಳಿಗ್ಗೆ ಅವಳು ಉಣ್ಣೆಯ ಮೂಟೆ ಕೊಟ್ಟು "ಹೊರಡಪ್ಪ" ಅಂದರೆ ಆತ ಕದಲಲಿಲ್ಲ.

"ಮೊದಲು ಗುಡ್ಡಕ್ಕೆ ಹೋಗಿ ನನ್ನ ಹೆಸರು ಕೂಗಬೇಕು ಅಮ್ಮಾವ್ರೇ. ಹೆಸರು ಕೂಗೋ ಮುಂಚೆ ಕೈ ನೀರಿಗೆ ಇಳಿಯಬಾರದು."

"ಯಾಕೋ?"

"ಯಾಕೆ ಅಂದ್ರೆ? ಕಟ್ಟಳೆ."

ಕಟ್ಟಳೆ! ಕಂಬಳಿಯವಳ ಹುಬ್ಬು ಆಗಲೇ ಮೇಲೇರಿತ್ತು. ಆದರೂ ಹೋದಳು, ಕೂಗಿದಳು. ಅಂದಿನಿಂದ ಸಂಜೆ ಬಿದ್ದ ಕೂಡಲೇ ಗಡಿಗೆ ಹೊತ್ತು ಗುಡ್ಡ ಹತ್ತುವವರ ಸಾಲಿನಲ್ಲಿ ಅವಳೂ ಒಬ್ಬಳು. ಎಲ್ಲರ ಗಡಿಗೆಯ ಮೇಲೂ ಬೂದಿ, ಎಲ್ಲರ ಬಾಯಲ್ಲೂ ಅದೇ ಮಾತು. ಅವನ ದುಡಿಮೆಯಿಂದ ಒಂದು, ನನ್ನ ಒಲೆಯಿಂದ ಒಂದು. ಅವಳ ದುಡಿಮೆಯಿಂದ ಒಂದು, ನನ್ನ ಒಲೆಯಿಂದ ಒಂದು. ಸುರಿಯುವುದು, ಇಳಿಯುವುದು. ಕೊಟ್ಟವರು ಹಿಂದಿರುಗಿ ನೋಡುತ್ತಿರಲಿಲ್ಲ.

ಸಾಲಿನಲ್ಲಿ ಅವಳ ಹಿಂದೆ ಯಾವಾಗಲೂ ಮೇಣದಬತ್ತಿ ಮಾಡುವವಳು ನಿಲ್ಲುತ್ತಿದ್ದಳು. ಪಕ್ಕದ ಮನೆಯವಳು, ಬಾಯಿಬಡಕಿ, ಮನಸ್ಸು ಕೆಟ್ಟದ್ದಲ್ಲ.

"ಅಲ್ಲಾ ಕಣೇ ಅಕ್ಕಾ, ಇಷ್ಟು ಜನ ಇಷ್ಟು ಬೆಂಕಿ ಸುರೀತಾರಲ್ಲ, ಒಳಗೆ ಏನಾಗುತ್ತೆ ಅಂತ ಯಾರಾದ್ರೂ ನೋಡಿದ್ದಾರಾ?" ಎಂದು ಕಂಬಳಿಯವಳು ಕೇಳಿದಳು.

"ನೋಡೋದೇನು ಬಂತು? ನಮ್ಮಜ್ಜಿ ಕಾಲದಿಂದ ಯಾರೂ ನೋಡಿಲ್ಲ. ಸುರೀತೀವಿ, ಹೋಗ್ತೀವಿ."

"ಮತ್ತೆ ಆ ಹೊಗೆಗೂಡಿನಿಂದ ಒಂದು ಎಳೆ ಹೊಗೆಯೂ ಬರಲ್ಲವಲ್ಲೇ?"

ಮೇಣದಬತ್ತಿಯವಳು ತಲೆಯೆತ್ತಿ ನೋಡಿದಳು. ಹುಟ್ಟಿದಾಗಿನಿಂದ ನೋಡುತ್ತಿದ್ದ ಹೊಗೆಗೂಡನ್ನು ಅವತ್ತೇ ಮೊದಲ ಸಲ ನೋಡಿದಳು. "ಹೌದಲ್ವೇ?" ಅಂದಳು. ಇಷ್ಟೇ ಆದದ್ದು. ಆದರೆ ಬೆಂಕಿಗಿಂತ ಬೇಗ ಹತ್ತಿಕೊಳ್ಳುವುದು ಒಂದಿದ್ದರೆ ಅದು ಇಂಥ "ಹೌದಲ್ವೇ".

ಕಂಬಳಿಯವಳಿಗೆ ಊಟ ಸೇರದಾಯಿತು. ಒಂದು ಬೆಳಿಗ್ಗೆ, ಗುಡ್ಡದ ಮೇಲೆ ನರಪಿಳ್ಳೆಯೂ ಇಲ್ಲದ ಹೊತ್ತು, ಅವಳು ಹೋಗಿ ಕಿಂಡಿಗೆ ಕಣ್ಣಿಟ್ಟಳು. ಒಳಗೆ ಒಲೆಯಿರಲಿಲ್ಲ! ಕೆಂಡವಿಲ್ಲ, ಸೌದೆಯಿಲ್ಲ, ಬೆಚ್ಚನೆಯ ಗಾಳಿಯೂ ಇಲ್ಲ. ಗುಡಿಸಿದ ಕಲ್ಲಿನ ನೆಲ. ನೆಲದಲ್ಲಿ ಕಿಂಡಿಯ ಬುಡದಿಂದ ಹಿಂಗೋಡೆಯತ್ತ ಇಳಿಜಾರಾಗಿ ಹೋದ ಒಂದು ಕಲ್ಲಿನ ಕಾಲುವೆ. ಮೂಲೆಯಲ್ಲಿ, ಮೈಮೇಲೆ ಒಂದರ ಮೇಲೊಂದು ಅಂಗಿ ಹಾಕಿಕೊಂಡು, ಇನ್ನೊಂದು ಅಂಗಿಗೆ ತೇಪೆ ಹಚ್ಚುತ್ತ ಕೂತ ಮುದುಕ. ಅವನೇ ಊರೊಲೆ ಕಾಯುವವನು. ಜನ ಅವನನ್ನು ಒಲೆಯಜ್ಜ ಅನ್ನುತ್ತಿದ್ದರು.

"ಅಂದುಕೊಂಡೆ," ಎಂದಳು ಕಂಬಳಿಯವಳು ತನ್ನಷ್ಟಕ್ಕೆ. ಕಾಲುವೆ ಹಿಂದಕ್ಕೆ ಹೋಗುತ್ತದೆ. ಹಿಂದೆ ಏನಿರುತ್ತದೆ? ಅಜ್ಜನ ಮನೆ ಇರುತ್ತದೆ. ಮಕ್ಕಳು ಮೊಮ್ಮಕ್ಕಳು ಬೆಂಕಿ ಕಾಯಿಸಿಕೊಂಡು ಮಜಾ ಮಾಡುತ್ತಿರುತ್ತಾರೆ. ಮುದುಕನ ತೇಪೆ ಅಂಗಿ ಬರೀ ನಾಟಕ. ರೋಗಿಗಳ ಮನೆಗೆ ತೋರಿಕೆಗೆ ನಾಲ್ಕು ಕೆಂಡ ಕಳಿಸಿ ಉಳಿದದ್ದನ್ನೆಲ್ಲ ನುಂಗುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ!

ಅಜ್ಜನನ್ನು ಒಂದು ಮಾತು ಕೇಳಬಹುದಿತ್ತು. ಕಿಂಡಿಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲೇ ಕೂತಿದ್ದ. ಕೇಳಲಿಲ್ಲ. ಕಳ್ಳನನ್ನು ಯಾರಾದರೂ ಕಳ್ಳತನದ ವಿಷಯ ಕೇಳುತ್ತಾರೆಯೇ ಅಂದುಕೊಂಡಳು. ಅನುಮಾನದವರ ಜಾಯಮಾನವೇ ಹಾಗೆ, ಕಣ್ಣು ಮಾತ್ರ ತೆರೆದಿರುತ್ತದೆ.

ಅವತ್ತು ಸಂಜೆ ತೊಳೆಯುವವನ ಗಡಿಗೆಗೆ ಕೆಂಡ ತುಂಬಿದಳು. ಸೌಟು ಹಿಂದಕ್ಕೆ ತೆಗೆಯಲಿಲ್ಲ.

"ಇನ್ಮೇಲೆ ನಿನ್ನ ಸೌಟು ನಿನಗೇ ಇರಲಿ. ನನ್ನದು ನನಗಿರಲಿ. ಅಲ್ಲಿ ಒಲೆಯೂ ಇಲ್ಲ, ಗಿಲೆಯೂ ಇಲ್ಲ. ನಾನು ಕಣ್ಣಾರೆ ಕಂಡೆ. ಆದ್ರೆ ಯಾರ ಹತ್ರಾನೂ ಬಾಯಿ ಬಿಡಬೇಡ."

ತೊಳೆಯುವವನು ತುಂಬಿದ ಗಡಿಗೆಯನ್ನೂ ಅವಳ ಮುಖವನ್ನೂ ನೋಡಿದ. ಕೂಲಿ ಹೆಚ್ಚಾದರೆ ಯಾರಿಗೆ ಬೇಡ? ಆದರೆ ಎಂದೂ ಹೆಚ್ಚು ಕೊಡದವರು ಹೆಚ್ಚು ಕೊಟ್ಟರೆ ಗಂಟಲಲ್ಲಿ ಇಳಿಯುವುದಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ಗಡಿಗೆಯ ತಳದವರೆಗೂ ಕೆದಕಿ ನೋಡಿದಳು.

"ಎಲ್ಲಾ ಸರಿಯಾಗೇ ಇದೆ. ಅದಕ್ಕೇ ನಂಗೆ ಭಯ. ಆಕೆ ಏನೋ ಲೆಕ್ಕ ಹಾಕಿದ್ದಾಳೆ. ಮೊನ್ನೆ ನಂಗೆ 'ತಣ್ಣಗಿರಮ್ಮಾ' ಅಂತ ಬೇರೆ ಶಾಪ ಹಾಕಿದಳು," ಅಂದಳು.

ಪಾಪ, ಬಿಸಿಲ ಸೀಮೆಯವಳಿಗೆ ಅದು ಹಾರೈಕೆ. ಆ ಊರಿನಲ್ಲಿ ಹರಸುವುದು "ಬೆಚ್ಚಗಿರು" ಅಂತ. ಯಾರು ಯಾರಿಗೆ ತಿಳಿಸಿ ಹೇಳುತ್ತಾರೆ!

ಕಂಬಳಿಯವಳು ಗುಡ್ಡ ಹತ್ತುವುದನ್ನು ಬಿಡಲಿಲ್ಲ. ಬಿಟ್ಟರೆ ಊರು ಕೇಳುತ್ತದಲ್ಲ. ಗಡಿಗೆಯ ತಳಕ್ಕೆ ತಣ್ಣನೆಯ ಇದ್ದಿಲು ಹಾಕಿ, ಮೇಲೆ ಬೂದಿ ಮುಚ್ಚಿದಳು. ಕೆಂಡಕ್ಕೂ ಬೂದಿಯೇ ಮುಸುಕು, ಇದ್ದಿಲಿಗೂ ಬೂದಿಯೇ ಮುಸುಕು. ಕಿಂಡಿಯ ಮುಂದೆ ಮುಖ ತಿರುಗಿಸಿ, "ಅವನ ದುಡಿಮೆಯಿಂದ ಒಂದು, ನನ್ನ ಒಲೆಯಿಂದ ಒಂದು" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿ ಸುರಿದಳು. ಮೊದಲ ದಿನ ಹಿಂದಿರುಗಿ ಹಿಂದಿರುಗಿ ನೋಡುತ್ತ ಇಳಿದಳು. ಆಮೇಲಾಮೇಲೆ ಅದನ್ನೂ ಬಿಟ್ಟಳು.

ಆದರೆ ಗುಟ್ಟು ಹೊಟ್ಟೆಯಲ್ಲಿ ಅರಗಬೇಕಲ್ಲ? ಒಂದು ಮಧ್ಯಾಹ್ನ ಮೇಣದಬತ್ತಿಯವಳಿಗೆ ಹೇಳಿಯೇಬಿಟ್ಟಳು. "ನಿನ್ನೊಬ್ಬಳಿಗೇ ಹೇಳ್ತಿರೋದು ಕಣೇ, ಆಣೆ ಮಾಡು." ಆಕೆ ಆಣೆ ಮಾಡಿದಳು. ಮಾಡಿ, ತನ್ನೊಬ್ಬ ತಂಗಿಗೆ ಮಾತ್ರ ಹೇಳಿದಳು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಚಳಿಗಾಲ ಕಾಲಿಡುವ ಹೊತ್ತಿಗೆ ಸಾಲು ಮೊದಲಿನಷ್ಟೇ ಉದ್ದವಿತ್ತು, ಎಲ್ಲರ ದನಿಯೂ ಮೊದಲಿಗಿಂತ ಗಟ್ಟಿಯಾಗಿತ್ತು. ಒಬ್ಬರ ಗಡಿಗೆಯನ್ನು ಒಬ್ಬರು ಓರೆಗಣ್ಣಿನಿಂದ ನೋಡುತ್ತಿದ್ದರು. ಕೆಲಸದವರು ಒಡೆಯರನ್ನು ನೋಡುವ ರೀತಿ ಬೇರೆಯಾಯಿತು, ಒಡೆಯರು ಕೆಲಸದವರನ್ನು ನೋಡುವ ರೀತಿಯೂ ಬೇರೆಯಾಯಿತು. ಅಷ್ಟು ಜನ ಬೆಂಕಿ ಹೊತ್ತು ಹತ್ತಿದರೂ ಗುಡ್ಡದ ಹಾದಿಯ ಹಿಮ ಕರಗದಾಯಿತು. ಅದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ.

ಹಿಮಗಾಲದ ನಡುವೆ ತೊಳೆಯುವವನು ಮಲಗಿದ. ಹೊಳೆಯ ನೀರು ಕೈಗೆ ಹತ್ತಿ, ಕೈಯಿಂದ ಎದೆಗೆ ಹತ್ತಿತು. ಬೆರಳುಗಳು ಊದಿಕೊಂಡವು, ಉಸಿರಿಗೆ ಉಣ್ಣೆ ಹಿಂಜುವ ಸದ್ದು ಬಂತು. ಕೆಲಸವಿಲ್ಲದ ಮೇಲೆ ಕೂಲಿಯಿಲ್ಲ. ಅವನ ಒಲೆಯಲ್ಲಿದ್ದ ಕೆಂಡ ದಿನದಿನಕ್ಕೆ ಕುಗ್ಗಿತು. ಹೆಂಡತಿ ಬಾಗಿಲ ಸಂದಿನಿಂದ ಹಾದಿ ಕಾದಳು. ಮುಸುಕಿನ ಹೊರೆಯವರು ಬರಲಿಲ್ಲ.

ಕಂಬಳಿಯವಳು ಸುದ್ದಿ ಕೇಳಿದವಳೇ ತನ್ನ ಒಲೆಯಿಂದ ಕೆಂಡ ತುಂಬಿಕೊಂಡು ಓಡಿದಳು. ಅವಳು ಅನುಮಾನದ ಪಿಂಡವೇ ಹೊರತು ಕಲ್ಲಲ್ಲ. ತೊಳೆಯುವವನ ಹೊಸ್ತಿಲು ದಾಟಿದಳೋ ಇಲ್ಲವೋ, ಗಡಿಗೆಯ ಕೆಂಪು ಕಣ್ಣೆದುರೇ ಆರಿತು. ಅವನ ಹೆಂಡತಿ ಗಡಿಗೆಯೊಳಗೆ ಬಗ್ಗಿ ನೋಡಿದಳು.

"ಇದ್ದಿಲು ತಂದಿದ್ದೀರಾ ಅಮ್ಮಾ? ನಮ್ಮನೇಲೂ ಇದೆ, ಬೇಕಾದಷ್ಟು."

"ಅಯ್ಯೋ, ನಿಜವಾದ ಕೆಂಡವೇ ತಂದಿದ್ದೆ ಕಣೇ!"

"ಇದ್ದೀತು," ಅಂದಳು ಅವಳು. ಆ ಒಂದು ಮಾತು ಕಂಬಳಿಯವಳಿಗೆ ಹೊಳೆಯ ನೀರಿಗಿಂತ ತಣ್ಣಗೆ ಚುಚ್ಚಿತು.

ಮತ್ತೆ ಹೋಗಿ ಕೆಂಡ ತಂದಳು. ಈ ಸಲ ಜೊತೆಗೆ ಒಂದು ನೂಲಿನ ಎಳೆ ತಂದು, ಹೊಸ್ತಿಲ ಹೊರಗೇ ಗಡಿಗೆ ಇಟ್ಟು ಒಳಗೆ ಹೋಗಿ, ಎಳೆಯ ತುದಿಯನ್ನು ಮಲಗಿದವನ ಬೆರಳಿಗೆ ಹಿಡಿಸಿದಳು. "ಇದನ್ನ ಹಿಡ್ಕೊಂಡಿರಪ್ಪ. ನಾನು ಸುತ್ತಿಕೊಳ್ತೀನಿ. ಇದೇ ಇವತ್ತಿನ ಕೆಲಸ, ಇದಕ್ಕೆ ಕೂಲಿ ಕೊಡ್ತೀನಿ." ಅವನು ಹಿಡಿದ. ಹೆಂಡತಿ ಗಡಿಗೆಯನ್ನು ಒಳಗೆ ತಂದಳು. ಕೆಂಡ ಆರಲಿಲ್ಲ! ಮೂವರೂ ಅದನ್ನೇ ನೋಡಿದರು. ಅಷ್ಟರಲ್ಲಿ ಜ್ವರದ ಮಂಪರು ಕವಿದು ಎಳೆ ಅವನ ಕೈಯಿಂದ ಜಾರಿತು. ಜಾರಿದ ಕ್ಷಣವೇ ಬೆಂಕಿ ನಂದಿತು. ಬೆಂಕಿಯ ಕಣ್ಣಿಗೆ ಮಣ್ಣೆರಚಲಾಗುವುದಿಲ್ಲ.

"ನಮ್ಮನೆಗೆ ಎತ್ತಿಕೊಂಡು ಹೋಗೋಣ," ಅಂದಳು ಕಂಬಳಿಯವಳು.

"ಈ ಎದೆಗೆ ಹೊರಗಿನ ಗಾಳಿ ತಾಗಿದ್ರೆ ಅಲ್ಲಿಗೆ ಮುಗೀತು. ಬೇರೆ ಏನೂ ಬೇಡಮ್ಮಾ. ನೀವು ದಿನಾ ಇವರ ಹೆಸರು ಕೂಗ್ತಿದ್ರಲ್ಲ ಗುಡ್ಡದ ಮೇಲೆ, ಆ ಊರೊಲೆ ಬೆಂಕಿ ಯಾಕೆ ಬರಲಿಲ್ಲ ಅಂತ ಕೇಳಿ ಸಾಕು. ನಾಳೆ ಬೆಳಿಗ್ಗೆವರೆಗೂ ಈ ಮನೆ ಹೀಗೇ ಇದ್ರೆ..." ಎಂದವಳು ಗಂಡನ ಹೊದಿಕೆ ಮೇಲೆಳೆದಳು.

ಕಂಬಳಿಯವಳು ನೇರ ಗುಡ್ಡ ಹತ್ತಿದಳು. ಸಂಜೆಯ ಸಾಲು ಇನ್ನೂ ಕಟ್ಟಿರಲಿಲ್ಲ. ಅವಳು ಕಿಂಡಿಯ ಹತ್ತಿರ ನಿಲ್ಲದೆ ಗೋಡೆ ಹಿಡಿದು ಸುತ್ತಿ ಹಿಂದಕ್ಕೆ ಹೋದಳು. ಅಜ್ಜನ ಮನೆ, ಮೊಮ್ಮಕ್ಕಳು, ಕದ್ದ ಬೆಂಕಿ, ಎಲ್ಲವನ್ನೂ ಹಿಡಿದು ಬೀದಿಗೆಳೆಯುವ ಆವೇಶದಲ್ಲಿದ್ದಳು.

ಹಿಂದೆ ಯಾರ ಮನೆಯೂ ಇರಲಿಲ್ಲ. ಗೋಡೆಗೊಂದು ಬಾಗಿಲಿತ್ತು, ಬಾಗಿಲ ಹೊರಗೆ ಮಂಜಿನಲ್ಲಿ ಮುಸುಕು ಹೊದ್ದ ಹೊರೆಯವರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಮುಂದೂ ಒಂದೊಂದು ಗಡಿಗೆ. ಒಳಗಿನಿಂದ ಬಂದ ಕಲ್ಲಿನ ಕಾಲುವೆ ಅವರ ಮುಂದೆಯೇ ಮುಗಿಯುತ್ತಿತ್ತು. ಗಡಿಗೆಗಳ ತಳದಲ್ಲಿ ನಿನ್ನೆಯ ಬೂದಿ ಬಿಟ್ಟರೆ ಏನೂ ಇರಲಿಲ್ಲ. ಒಲೆಯಜ್ಜ ಬಾಗಿಲಲ್ಲಿ ನಿಂತು ಅಂಗೈ ಉಜ್ಜಿಕೊಳ್ಳುತ್ತಿದ್ದ.

"ಎಲ್ಲಿ ಹೋಯ್ತು ಅಜ್ಜಾ ನಾವು ಸುರಿದ ಬೆಂಕಿ?" ಅವಳು ಅರಚಿದಳು. "ಒಳಗೆ ಒಲೆಯೇ ಇಲ್ಲ. ನಾನು ನೋಡಿದ್ದೀನಿ!"

"ಇಲ್ಲ ತಾಯೀ. ಯಾವತ್ತೂ ಇರಲಿಲ್ಲ," ಎಂದ ಅಜ್ಜ. "ನೀವು ಮುಂದೆ ಸುರೀತೀರಿ, ಕಾಲುವೆಯಲ್ಲಿ ಜಾರಿ ಇಲ್ಲಿ ಬೀಳುತ್ತೆ. ಬಿದ್ದದ್ದನ್ನ ಇವರು ಹೊತ್ತು ಹೋಗ್ತಾರೆ, ಯಾವ ಮನೆ ಎಲ್ಲಕ್ಕಿಂತ ತಣ್ಣಗಿದೆಯೋ ಅಲ್ಲಿಗೆ ಮೊದಲು. ಇವತ್ತು ಬಿದ್ದದ್ದು ಇವತ್ತೇ ಹೋಗಬೇಕು. ಇಟ್ಟುಕೊಂಡು ಕೂತ್ರೆ ಬೆಂಕಿ ಬೂದಿಯಾಗುತ್ತಲ್ಲಮ್ಮಾ. ಕೂಡಿಡೋ ಪದಾರ್ಥವೇ ಅದು?"

ಕಂಬಳಿಯವಳು ಬಗ್ಗಿ ಗಡಿಗೆಗಳನ್ನು ಒಂದೊಂದಾಗಿ ನೋಡಿದಳು.

"ನಿಮ್ಮ ತೊಳೆಯುವವನ ಹೆಸರು ದಿನಾ ಕೇಳಿಸ್ತಿತ್ತು," ಅಜ್ಜ ಮುಂದುವರಿಸಿದ. "ನಿಮ್ಮ ದನಿ ಗಟ್ಟಿ. ಹೆಸರಿನ ಹಿಂದೆ ಇದ್ದಿಲು ಬೀಳ್ತಿತ್ತು. ಒಡತಿ ತಪ್ಪಿಗೆ ದುಡಿದವನ ಮನೆ ಬಿಡೋದು ನಮ್ಮ ಕಟ್ಟಳೆ ಅಲ್ಲ, ಅವನ ಮನೆ ನಮ್ಮ ಹಾದಿಯಲ್ಲೇ ಇದೆ. ಆದ್ರೆ ನೀವೊಬ್ಬರೇ ಆಗಿದ್ರೆ ಹೇಗೋ ಆಗ್ತಿತ್ತು. ಈಗ ಬೀಳೋದೆಲ್ಲ ಇದ್ದಿಲೇ. ಏನನ್ನ ಹೊರಲಿ ಇವರು?"

"ನೀವ್ಯಾಕೆ ಹೇಳಲಿಲ್ಲ?"

"ನೀವ್ಯಾಕೆ ಕೇಳಲಿಲ್ಲ?"

ಅವಳಿಗೆ ಅಳು ಬಂತು. ತಾನು ಹೆದರಿದ್ದ ಕಳ್ಳ ಎಲ್ಲೂ ಇರಲಿಲ್ಲ. ತಾನು ಹುಡುಕಹೊರಟ ಮೇಲೆ ಹುಟ್ಟಿಕೊಂಡ, ಅದೂ ತನ್ನ ಮನೆಯಲ್ಲೇ. ಅವಳು ಕಣ್ಣೊರೆಸಿಕೊಂಡು ಗೋಡೆ ಸುತ್ತಿ ಮುಂದಕ್ಕೆ ಬಂದಳು. ಅಷ್ಟರಲ್ಲಿ ಸಾಲು ನೆರೆದಿತ್ತು. ಮೇಣದಬತ್ತಿಯವಳು, ರೊಟ್ಟಿ ಸುಡುವವನು, ಚಕ್ಕಡಿ ಮಾಡುವವನು, ಇಡೀ ಊರಿನ ಒಡೆಯರು. ಎಲ್ಲರ ಗಡಿಗೆಯ ಮೇಲೂ ಬೂದಿ.

ಕಂಬಳಿಯವಳು ಕಿಂಡಿಗೆ ಬೆನ್ನು ಕೊಟ್ಟು ನಿಂತಳು.

"ನಾನು ಇದ್ದಿಲು ಸುರೀತಿದ್ದೆ," ಎಂದಳು. "ಕೇಳಿಸ್ತಾ? ದಿನಾ ಹೆಸರು ಕೂಗಿ ಇದ್ದಿಲು ಸುರಿದೆ. ಒಳಗೆ ಒಲೆ ಇಲ್ಲ ಅಂತ ಊರಿಗೆ ಹಬ್ಬಿಸಿದವಳೂ ನಾನೇ. ಒಲೆ ಇಲ್ಲದ್ದು ನಿಜ. ಬಿದ್ದ ಬೆಂಕಿ ಬಿದ್ದ ಹಾಗೇ ಹೊರಟು ಹೋಗುತ್ತೆ, ಅದಕ್ಕೇ ಇಲ್ಲ. ಬನ್ನಿ, ಹಿಂದೆ ಬಂದು ನೋಡಿ. ತೊಳೆಯುವವನು ಸಾಯೋ ಹಾಗಿದ್ದಾನೆ, ಅವನ ಮನೇಲಿ ಒಂದು ಕಿಡಿ ಇಲ್ಲ. ನಿಮಗೆ ಕೈ ಮುಗೀತೀನಿ. ಇವತ್ತೊಂದು ದಿನ ಕೆಂಡ ಸುರೀರಿ!"

ಯಾರಾದರೂ ಕರಗಿದರು ಅಂದುಕೊಂಡಿರಾ? ಒಬ್ಬರೂ ಹೆಜ್ಜೆ ಎತ್ತಿಡಲಿಲ್ಲ. ಸಾಲಿನಲ್ಲಿ ಗುಸುಗುಸು ಎದ್ದಿತು.

"ಮೊದಲು ಮೋಸ ಅಂದ್ಲು, ಈಗ ಸುರೀರಿ ಅಂತಾಳೆ."

"ಮುದುಕ ಇವಳಿಗೂ ಪಾಲು ಕೊಟ್ಟಿರಬೇಕು ಬಿಡಿ."

"ತಪ್ಪು ತಾನಾಗಿ ಯಾರು ಒಪ್ಪಿಕೊಳ್ತಾರೆ? ಏನೋ ಲಾಭ ಇದೆ ಇವಳಿಗೆ," ಎಂದಳು ಮೇಣದಬತ್ತಿಯವಳು, ಆಣೆ ಮಾಡಿ ಗುಟ್ಟು ಕೇಳಿಸಿಕೊಂಡಿದ್ದವಳು.

"ನಮ್ಮ ಗಡಿಗೇಲಿ ಕೆಂಡ ಇಲ್ಲ ಅಂತ ನಿಂಗೆ ಯಾರು ಹೇಳಿದ್ದು?" ಎಂದು ರೊಟ್ಟಿ ಸುಡುವವನು ಗದರಿದ. ಅವಳು ಅವನ ಗಡಿಗೆಯ ಮಾತೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಸಾಲಿಗೆ ಸಾಲೇ ಗಡಿಗೆಯನ್ನು ಎದೆಗವಚಿಕೊಂಡಿತು.

ಕಂಬಳಿಯವಳು ಮನೆಗೆ ಓಡಿದಳು. ಉಣ್ಣೆಗೆ ಬಣ್ಣ ಹಾಕುವ ದೊಡ್ಡ ಹಂಡೆ ಎಳೆದು, ಒಲೆಯಲ್ಲಿದ್ದ ಕೆಂಡವನ್ನೆಲ್ಲ ಅದಕ್ಕೆ ಗೋರಿದಳು. ತೊಳೆಯುವವನ ಸೌಟಿನ ಬದಲಿಗೆ ಒಂದು, ತನ್ನ ಸೌಟು, ಇಷ್ಟು ದಿನ ತಪ್ಪಿಸಿದ್ದು, ತಪ್ಪಿಸದೆ ಇದ್ದದ್ದು, ನಾಳೆಗೆಂದು ಇಟ್ಟದ್ದು. ಕೊನೆಯ ಕಿಡಿಯನ್ನೂ ಕೆರೆದು ತೆಗೆದಳು. ಮೇಲೆ ಬೂದಿ ಮುಚ್ಚಲಿಲ್ಲ. ಹಂಡೆಯನ್ನು ಕಂಬಳಿಯಲ್ಲಿ ಕಟ್ಟಿ ಬೆನ್ನಿಗೇರಿಸಿದಳು. ಬೆನ್ನು ಬೆಂದಿತು, ಕಂಬಳಿ ಸೀದ ವಾಸನೆ ಹಬ್ಬಿತು. ಗುಡ್ಡ ಹತ್ತಿ ಬಂದರೆ ಸಾಲು ಇನ್ನೂ ಅಲ್ಲೇ ಇತ್ತು, ಯಾರೂ ಸುರಿದಿರಲಿಲ್ಲ. ಒಬ್ಬರು ಸುರಿಯುವುದನ್ನು ಒಬ್ಬರು ಕಾಯುತ್ತಿದ್ದರು.

ಅವಳು ಹಂಡೆಯನ್ನು ಕಿಂಡಿಗೆ ಬಗ್ಗಿಸಿದಳು. ಮುಖ ತಿರುಗಿಸಲಿಲ್ಲ.

"ಅವನ ದುಡಿಮೆಯಿಂದ ಒಂದು," ಎಂದಳು, "ನನ್ನ ಒಲೆಯಿಂದ ಎಲ್ಲ." ಅವನ ಹೆಸರು ಕೂಗಿದಳು.

ಕೆಂಡ ಸುರಿಯಿತು. ಕಿಂಡಿಯ ಬಾಯಿ ಕೆಂಪಾಯಿತು, ಗೋಡೆ ಕೆಂಪಾಯಿತು, ಸಾಲಿನಲ್ಲಿ ನಿಂತಿದ್ದವರ ಮುಖಗಳೆಲ್ಲ ಕೆಂಪಾದವು. ಅಜ್ಜಿಯ ಕಾಲದಿಂದ ಅತ್ತ ತಿರುಗಿದ್ದ ಕತ್ತುಗಳು ಅವತ್ತು ಇತ್ತ ತಿರುಗಿದ್ದವು. ನಿಜವಾದ ಬೆಂಕಿ ಬಿದ್ದರೆ ಕಿಂಡಿ ಹೇಗೆ ಕಾಣುತ್ತದೆ ಎಂದು ಎಲ್ಲರೂ ನೋಡಿದರು. ಬೆಳಕು ಆರುವ ಮೊದಲು ಪಕ್ಕದವರ ಮುಖವನ್ನೂ ನೋಡಿಕೊಂಡರು.

"ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದಿದ್ದೆ," ಎಂದು ಮೇಣದಬತ್ತಿಯವಳು ಸಾಲಿನಿಂದ ಜಾರಿದಳು.

"ಸೌಟು ಮರೆತೆ," ಎಂದ ರೊಟ್ಟಿ ಸುಡುವವನು, ಕೈಯಲ್ಲಿ ಸೌಟು ಹಿಡಿದುಕೊಂಡೇ. ಒಬ್ಬೊಬ್ಬರಾಗಿ ಎಲ್ಲರೂ ಗಡಿಗೆ ಎತ್ತಿಕೊಂಡು ಇಳಿದುಹೋದರು. ಕಂಬಳಿಯವಳು ಬರಿದಾದ ಗುಡ್ಡ ನೋಡಿದಳು. ಇದ್ದಿಲನ್ನಾದರೂ ಸುರಿಯದೆ ಹೋದರಲ್ಲ ಅಂದುಕೊಂಡಳು. ತನ್ನೊಬ್ಬಳ ಒಂದು ಹಂಡೆ ಕೆಂಡ ಎಷ್ಟು ಮನೆಗೆ ಬಂದೀತು? ಊರಿನಲ್ಲಿ ಮುದುಕರಿದ್ದರು, ಬಾಣಂತಿಯರಿದ್ದರು. ತೊಳೆಯುವವನ ಸರದಿ ಬರುವಷ್ಟರಲ್ಲಿ ಮುಗಿದೇ ಹೋದೀತು.

ಮನೆಗೆ ಬಂದು ಬರಿದಾದ ಒಲೆಯ ಮುಂದೆ, ಸೀದ ಕಂಬಳಿ ಹೊದ್ದು ಕೂತಳು. ಇಷ್ಟು ವರ್ಷದಲ್ಲಿ ಆ ಒಲೆ ಆರಿದ್ದು ಯಾವತ್ತೂ ಇಲ್ಲ. ಚಳಿ ಬಾಗಿಲ ಕೆಳಗಿನಿಂದ ನುಸುಳಿ, ಮಗ್ಗಕ್ಕೆ ಹತ್ತಿ, ರಾಟೆಗೆ ಹತ್ತಿ, ಅವಳ ಕಾಲಿಗೆ ಹತ್ತಿತು. ತೊಳೆಯುವವನ ಹೆಂಡತಿ ಅಂದ "ಇದ್ದೀತು" ಕಿವಿಯಲ್ಲೇ ಕೂತಿತ್ತು.

ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಮುಸುಕು ಹೊದ್ದ ಹೊರೆಯವನೊಬ್ಬ, ಕೈಯಲ್ಲಿ ಗಡಿಗೆ.

"ಇಲ್ಲಿಗಲ್ಲಪ್ಪ! ತೊಳೆಯುವವನ ಮನೆ ಆ ಓಣಿಯಲ್ಲಿರೋದು. ಅಲ್ಲಿಗೆ ಹೋಗು, ಬೇಗ!"

"ಅಲ್ಲಿಗೆ ಆಗಲೇ ಹೋಯ್ತು ತಾಯೀ. ಮೊದಲು ಅಲ್ಲಿಗೇ ಹೋಯ್ತು."

"ಸುಳ್ಳು. ನಾನು ಸುರಿದದ್ದು ಎಲ್ಲೆಲ್ಲಿಗೆ ಅಂತ ಬರುತ್ತೆ?"

"ನೀವು ಸುರಿದದ್ದು ಯಾವುದೋ, ಬೇರೆಯವರದು ಯಾವುದೋ, ನಮಗೆ ಗೊತ್ತಾಗಲ್ಲ. ನೀವು ಇಳಿದು ಹೋದ ಮೇಲೆ ಜನ ಒಬ್ಬೊಬ್ಬರೇ ವಾಪಸ್ ಬಂದ್ರು, ಏದುಸಿರು ಬಿಡ್ತಾ. ಒಬ್ಬರು ಸುರೀವಾಗ ಉಳಿದವರೆಲ್ಲ ಕತ್ತು ಚಾಚಿ ಕಿಂಡಿ ಕೆಂಪಾಗುತ್ತಾ ಅಂತ ನೋಡ್ತಿದ್ರಂತೆ. ಯಾರೂ ಯಾರನ್ನೂ ನಂಬದೆ ಎಲ್ಲರೂ ಕೆಂಡವೇ ತಂದಿದ್ದಾರೆ. ಇವತ್ತು ನಮಗೆ ಗಡಿಗೆ ಸಾಲಲಿಲ್ಲ."

ಕಂಬಳಿಯವಳು ಅವನನ್ನು ಸರಿಸಿ ಬೀದಿಗಿಳಿದಳು. ಹೇಳಿದ್ದನ್ನು ನಂಬುವ ಪೈಕಿಯೇ ಅವಳು? ಹಿಮದಲ್ಲಿ ಬರಿಗಾಲಲ್ಲಿ ಓಣಿಯ ತಿರುವಿನ ತನಕ ಹೋಗಿ ನೋಡಿದಳು. ತೊಳೆಯುವವನ ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು. ಕಿಟಕಿಯಲ್ಲಿ ಕೆಂಪು ಬೆಳಕಿತ್ತು, ಆ ಬೆಳಕಿನಲ್ಲಿ ಅವನ ಹೆಂಡತಿ ಗಂಡನ ಊದಿದ ಕೈಗಳನ್ನು ಒಲೆಯತ್ತ ಹಿಡಿದು ಕೂತಿದ್ದು ಕಂಡಿತು. ಕಂಬಳಿಯವಳು ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಸ್ವಲ್ಪ ಹೊತ್ತು ನಿಂತಳು.

ವಾಪಸ್ ಬಂದಾಗ ಹೊರೆಯವನು ಇನ್ನೂ ಬಾಗಿಲಲ್ಲೇ ಇದ್ದ.

"ಮತ್ತೆ ಇದನ್ನ ಇಲ್ಲಿಗ್ಯಾಕೆ ತಂದೆ?"

"ಎಲ್ಲಾ ಮನೆ ಮುಗೀತು. ಈಗ ಊರಲ್ಲಿ ಎಲ್ಲಕ್ಕಿಂತ ತಣ್ಣಗಿರೋ ಮನೆ ಇದೇ. ಕಟ್ಟಳೆ ತಾಯೀ."

"ನಾನು ಮೋಸ ಮಾಡಿದವಳು ಕಣಪ್ಪ."

"ಅದು ನಂಗೆ ಬೇಡ. ಒಲೆ ಆರಿದೆ ತಾನೇ?"

ಅವನು ಹೊಸ್ತಿಲಿಗೆ ಕಾಲಿಟ್ಟ. ಕಂಬಳಿಯವಳು ಕಣ್ಣು ಮುಚ್ಚಿದಳು. ತೊಳೆಯುವವನ ಹೊಸ್ತಿಲ ಮೇಲೆ ಆರಿದ ಕೆಂಡ ಅವಳ ಕಣ್ಣಲ್ಲಿ ಇನ್ನೂ ಇತ್ತು. ಒಲೆಗೆ ಸುರಿದ ಸದ್ದು ಕೇಳಿಸಿತು. ಕಣ್ಣು ತೆರೆದಾಗ ಹೊರೆಯವನು ಬೀದಿಯಲ್ಲಿದ್ದ, ಮುಸುಕಿನೊಳಗಿನಿಂದಲೇ "ಬೆಚ್ಚಗಿರಿ" ಅಂದ.

"ತಣ್ಣಗಿರು," ಎಂದುಬಿಟ್ಟಳು ಇವಳು, ಬಾಯಿ ತಪ್ಪಿ. ನಾಲಿಗೆ ಕಚ್ಚಿಕೊಂಡಳು. ಅವನು ನಕ್ಕು ಹೋದ.

ಅವಳು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಲೆಯಲ್ಲಿ ಬೂದಿಯ ಗುಡ್ಡೆ ಮಾತ್ರ ಕಾಣುತ್ತಿತ್ತು, ಎಲ್ಲರೂ ಎಂದಿನಂತೆ ಮೇಲೆ ಮುಚ್ಚಿ ಕಳಿಸುವ ಬೂದಿ. ಅದರ ಕೆಳಗೇನಿದೆಯೋ ಯಾರಿಗೆ ಗೊತ್ತು? ಯಾರ ಗಡಿಗೆಯದೋ, ಯಾರ ದುಡಿಮೆಯದೋ. ಮೇಣದಬತ್ತಿಯವಳದೂ ಇರಬಹುದು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನೋಡಿಯೇಬಿಡೋಣ ಎಂದು ಅವಳು ಬೂದಿಯೊಳಕ್ಕೆ ಬೆರಳು ತೂರಿದಳು.

"ಅಮ್ಮಾ!" ಎಂದು ಕೂಗಿ ಬೆರಳನ್ನು ಬಾಯಲ್ಲಿಟ್ಟುಕೊಂಡಳು. ಕಣ್ಣಲ್ಲಿ ನೀರು ಬಂತು. ಸುಟ್ಟ ಬೆರಳನ್ನು ಚೀಪುತ್ತ, ಅಳುತ್ತ, ನಗುತ್ತ, ಅವಳು ಒಲೆಯ ಹತ್ತಿರಕ್ಕೆ ಇನ್ನಷ್ಟು ಸರಿದು ಕೂತಳು.